ಬೆನ್ನುಹುರಿಯ ಕಾಯಿಲೆಯನ್ನು ಗುರುತಿಸುವುದು ಹೇಗೆ

ಬೆನ್ನುನೋವು ಇರುವವರೆಲ್ಲರಿಗೂ ಬೆನ್ನುಹುರಿಯ ಕಾಯಿಲೆ ಇರುವುದಿಲ್ಲ. ಬೆನ್ನುಹುರಿಗೆ ಹಾನಿಯಾದವರೆಲ್ಲರಿಗೂ ಬೆನ್ನು ನೋಯುವುದೂ ಇಲ್ಲ. ಆದ್ದರಿಂದ ನೋವಿಗಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಕೈಕಾಲುಗಳ ಬಲ, ಚರ್ಮದ ಸ್ಪರ್ಶಜ್ಞಾನ ಮತ್ತು ಮಲಮೂತ್ರಗಳ ಹಿಡಿತದಲ್ಲಿ ಆಗಿರುವ ಬದಲಾವಣೆಯನ್ನು.

ಬೆನ್ನುಹುರಿ ಮಿದುಳಿನ ಬುಡದಿಂದ ಹೊರಟು, ಬೆನ್ನುಮೂಳೆಯ ಕೊಳವೆಯೊಳಗೆ ಸುಮಾರು 45 ಸೆಂ.ಮೀ. ಇಳಿದು, ವಯಸ್ಕರಲ್ಲಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ (ಬೆನ್ನುಮೂಳೆಯ ಮಣಿಯ) ಬಳಿ ಮುಗಿಯುತ್ತದೆ. ಮಿದುಳಿನ ಆಜ್ಞೆಗಳು ಇಳಿಯುವುದೂ ಸಂವೇದನೆಗಳು ಏರುವುದೂ ಇದರ ಮೂಲಕವೇ ಆದ್ದರಿಂದ, ಒಂದೆಡೆ ಹಾನಿಯಾದರೆ ಆ ಮಟ್ಟದ ಕೆಳಗಿನ ಭಾಗಗಳು ತೊಂದರೆಗೀಡಾಗುತ್ತವೆ. ಕುತ್ತಿಗೆಯಲ್ಲಿ ಹಾನಿಯಾದರೆ ಕೈಗಳೂ ಕಾಲುಗಳೂ, ಎದೆಯ ಮಟ್ಟದಲ್ಲಾದರೆ ಕಾಲುಗಳು ಮಾತ್ರ ಬಾಧಿತವಾಗುತ್ತವೆ. ಹಾನಿಯ ಮಟ್ಟವನ್ನು ಅಂದಾಜಿಸಲು ತಣ್ಣನೆಯ ಚಮಚವನ್ನು ಪಾದದಿಂದ ಮೇಲಕ್ಕೆ ತಾಗಿಸುತ್ತಾ ಹೋಗಿ, ತಂಪು ಎಲ್ಲಿಂದ ಸರಿಯಾಗಿ ತಿಳಿಯುತ್ತದೆಂದು ನೋಡಬಹುದು. ಹೊಕ್ಕುಳು ಎದೆಭಾಗದ 10ನೆಯ ನರದ ಮಟ್ಟವನ್ನು ಸೂಚಿಸುತ್ತದೆ. ಆದರೆ ಹುರಿಯ ಮೇಲಿನ ಒತ್ತಡ ಈ ಗಡಿಗಿಂತ ಬಹಳ ಮೇಲೆಯೂ ಇರಬಹುದಾದ ಕಾರಣ, ಮನೆಯಲ್ಲಿ ಕಂಡದ್ದನ್ನು ಸುಳಿವೆಂದಷ್ಟೇ ತಿಳಿಯಬೇಕು.

ಹೆಚ್ಚಾಗಿ ಕಡೆಗಣಿಸಲ್ಪಡುವುದು ಕುತ್ತಿಗೆಯ ಮೂಳೆಗಳ ಮತ್ತು ಅವುಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳ ಸವೆತದಿಂದ ಹುರಿಯ ಮೇಲೆ ನಿಧಾನವಾಗಿ ಬೀಳುವ ಒತ್ತಡ. ಗುಂಡಿ ಹಾಕಿಕೊಳ್ಳಲು ತಡವರಿಸುವುದು, ಕೈಬರಹ ಕೆಡುವುದು, ಕಾಲುಗಳು ಬಿಗಿದು ನಡಿಗೆ ಅಸ್ಥಿರವಾಗುವುದು, ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಶಾಕ್ ಹೊಡೆದಂತಾಗುವುದು ಇದರ ಲಕ್ಷಣಗಳು. ವಯಸ್ಸಾಯಿತೆಂದು ಇವನ್ನು ಸಹಿಸಿಕೊಳ್ಳುವವರೇ ಹೆಚ್ಚು. ಕಳೆದುಹೋದ ಶಕ್ತಿ ಚಿಕಿತ್ಸೆಯ ನಂತರ ಪೂರ್ತಿ ಮರಳದೆ ಇರಬಹುದಾದ್ದರಿಂದ ಈ ಸಹನೆ ದುಬಾರಿಯಾಗುತ್ತದೆ.

ಕಾಯಿಲೆ ಬಂದ ವೇಗವೂ ಕಾರಣವನ್ನು ಸೂಚಿಸುತ್ತದೆ. ನಿಮಿಷಗಳಲ್ಲಿ ಕಾಲು ಸೋತರೆ ಹುರಿಗೆ ರಕ್ತ ಪೂರೈಕೆ ನಿಂತಿರಬಹುದು. ಗಂಟೆಗಳಿಂದ ದಿನಗಳಲ್ಲಿ ಹೆಚ್ಚಿದರೆ ಹುರಿಯ ಉರಿಯೂತವನ್ನೋ ಕೀವುಗಡ್ಡೆಯನ್ನೋ ಶಂಕಿಸಬೇಕು. ವಾರ, ತಿಂಗಳುಗಳಲ್ಲಿ ಬೆಳೆಯುವವು ಗಡ್ಡೆ, ಮೂಳೆಯ ಕ್ಷಯರೋಗ (ಟಿಬಿ), ಸವೆತ ಅಥವಾ ಬಿ12 ಜೀವಸತ್ವದ ಕೊರತೆ. ಈ ಕೊರತೆಯಲ್ಲಿ ಪಾದಗಳು ಜೋಮು ಹಿಡಿದು, ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿದಾಗ ಸಮತೋಲನ ತಪ್ಪುತ್ತದೆ. ರಕ್ತಪರೀಕ್ಷೆಯಿಂದ ಇದನ್ನು ಪತ್ತೆ ಮಾಡಿ, ಬೇಗನೆ ಬಿ12 ಕೊಟ್ಟರೆ ಸುಧಾರಣೆಯ ಸಾಧ್ಯತೆ ಹೆಚ್ಚು.

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಹುರಿ ಕಾಣುವುದಿಲ್ಲ. ಆದ್ದರಿಂದ ಎಕ್ಸ್-ರೇ ಸರಿಯಿದೆಯೆಂದು ನಿಶ್ಚಿಂತರಾಗಬಾರದು. ಹುರಿಯನ್ನು ನೋಡಲು ಸಾಮಾನ್ಯವಾಗಿ ಎಂಆರ್‌ಐ ಬೇಕು.

ಮೂತ್ರ ಕಟ್ಟಿಕೊಂಡರೆ, ಕುಳಿತಾಗ ಆಸನಕ್ಕೆ ತಾಗುವ ಭಾಗ ಮರಗಟ್ಟಿದರೆ, ಕಾಲುಗಳ ಬಲ ಬೇಗಬೇಗನೆ ಕುಂದುತ್ತಿದ್ದರೆ, ಅಥವಾ ಜ್ವರದೊಂದಿಗೆ ತೀವ್ರ ಬೆನ್ನುನೋವಿದ್ದರೆ ಬೆಳಗಾಗುವವರೆಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಹಿಂದೆ ಕ್ಯಾನ್ಸರ್ ಇದ್ದವರು ಹೊಸ ಬೆನ್ನುನೋವನ್ನು, ಅದರಲ್ಲೂ ಮಲಗಿದಾಗ ಹೆಚ್ಚುವ ನೋವನ್ನು, ತಡಮಾಡದೆ ವೈದ್ಯರಿಗೆ ತಿಳಿಸಬೇಕು.