ಅಮೆರಿಕದಲ್ಲಿ ಮೊದಲ ಡಿಸೆಂಬರ್: ಪುಟ್ಟ ಮಗುವಿನ ಜೊತೆ ಉಪ್ಪುಹಿಟ್ಟಿನ ಆರ್ನಮೆಂಟ್, ಬೆಣ್ಣೆ ಕುಕೀ

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುತ್ತಿದ್ದಂತೆ ಡೇಕೇರ್‌ನಿಂದಲೋ ಪಕ್ಕದ ಮನೆಯಿಂದಲೋ ಮಾತು ಬರುತ್ತದೆ: ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಮಗು ಕೈಯಾರೆ ಮಾಡಿದ ಒಂದು ಆರ್ನಮೆಂಟ್ ಕಳಿಸಿ, ಕುಕೀ ಹಂಚಿಕೊಳ್ಳೋಣ ಬನ್ನಿ. ಎರಡಕ್ಕೂ ಬೇಕಾಗುವುದು ಮೈದಾ. ಆದರೆ ತೂಗುಹಾಕುವ ಹಿಟ್ಟನ್ನು ಚೆನ್ನಾಗಿ ನಾದಬೇಕು, ತಿನ್ನುವ ಹಿಟ್ಟನ್ನು ನಾದಲೇಬಾರದು. ಚಪಾತಿಗೆ ಪಳಗಿದ ನಮ್ಮ ಕೈ ಕುಕೀ ಹಿಟ್ಟು ಸಿಕ್ಕಿದರೂ ನಾದುತ್ತಲೇ ಹೋಗುತ್ತದೆ. ಮೊದಲ ಸಲದ ಕುಕೀ ಕಲ್ಲಾಗುವುದು ಹೆಚ್ಚಾಗಿ ಇದರಿಂದಲೇ.

ಓವನ್ ಹಚ್ಚುವ ಮೊದಲು ಬಾಗಿಲು ತೆರೆದು ನೋಡಿ. ನಮ್ಮವರ ಮನೆಗಳಲ್ಲಿ ಅದು ಬಾಣಲೆ, ಕಾವಲಿ, ಕುಕ್ಕರ್ ತುಂಬಿಡುವ ಬೀರು. ಎಲ್ಲ ಹೊರಗೆ ತೆಗೆಯಿರಿ. ಕುಕ್ಕರಿನ ಗ್ಯಾಸ್ಕೆಟ್ ಒಳಗೇ ಉಳಿದರೆ ಮನೆಯೆಲ್ಲ ವಾಸನೆ, ಮೇಲಿನಿಂದ ಸ್ಮೋಕ್ ಅಲಾರಂ. ಒತ್ತಬೇಕಾದ್ದು ‘ಬೇಕ್’. ‘ಬ್ರಾಯ್ಲ್’ ಒತ್ತಿದರೆ ಮೇಲಿನಿಂದ ಮಾತ್ರ ಉರಿ ಬಂದು ಕುಕೀಯ ತಲೆ ಸುಡುತ್ತದೆ, ತಳ ಹಸಿಯಾಗಿಯೇ ಉಳಿಯುತ್ತದೆ. ಇಲ್ಲಿನ ಲೆಕ್ಕ ಫ್ಯಾರನ್‌ಹೀಟ್: 350 ಡಿಗ್ರಿ ಎಂದರೆ ಸುಮಾರು 177 ಸೆಲ್ಸಿಯಸ್. ಬೀಪ್ ಆದ ಮೇಲೂ ಹತ್ತು ನಿಮಿಷ ಕಾದು ತಟ್ಟೆ ಇಡಿ. ತಟ್ಟೆಗೆ ಹಾಸಲು ಪಾರ್ಚ್‌ಮೆಂಟ್ ಪೇಪರ್ ಬೇಕು. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇರುವ ವ್ಯಾಕ್ಸ್ ಪೇಪರ್ ನೋಡಲು ಹಾಗೆಯೇ ಇದ್ದರೂ ಓವನ್ನಿನಲ್ಲಿ ಅದರ ಮೇಣ ಕರಗಿ ಹೊಗೆಯಾಡುತ್ತದೆ.

ಮೈದಾಕ್ಕೆ ಇಲ್ಲಿ ‘ಆಲ್ ಪರ್ಪಸ್ ಫ್ಲೋರ್’ ಎನ್ನುತ್ತಾರೆ. ‘ಸೆಲ್ಫ್ ರೈಸಿಂಗ್’ ಚೀಲ ತರಬೇಡಿ. ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆತಿರುವುದರಿಂದ ಆರ್ನಮೆಂಟ್ ಪೂರಿಯ ಹಾಗೆ ಉಬ್ಬುತ್ತದೆ. ಅಳತೆಯ ಕಪ್ಪು 240 ಮಿಲಿಯದು. ಹಿಟ್ಟನ್ನು ಚಮಚದಿಂದ ಉದುರಿಸಿ ತುಂಬಿ, ಮೇಲ್ಭಾಗ ಸವರಿದರೆ ಸುಮಾರು 120 ಗ್ರಾಂ ಹಿಡಿಯುತ್ತದೆ. ಕಪ್ಪನ್ನೇ ಚೀಲಕ್ಕೆ ಅದ್ದಿ ಎತ್ತಿದರೆ 20-30 ಗ್ರಾಂ ಜಾಸ್ತಿ ಬಂದು, ಹಿಟ್ಟು ಬಿರಿಯುತ್ತದೆ. ಅಡುಗೆ ತಕ್ಕಡಿ ಇದ್ದರೆ ಈ ತಲೆನೋವೇ ಇಲ್ಲ.

ಮೊದಲು ಉಪ್ಪುಹಿಟ್ಟು. ಎರಡು ಕಪ್ ಮೈದಾ, ಒಂದು ಕಪ್ ನುಣ್ಣನೆಯ ಟೇಬಲ್ ಸಾಲ್ಟ್, ಮುಕ್ಕಾಲರಿಂದ ಒಂದು ಕಪ್ ಉಗುರುಬೆಚ್ಚಗಿನ ನೀರು. ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕಿ; ಕೈಗೆ ಅಂಟಿದರೆ ಒಂದೆರಡು ಚಮಚ ಮೈದಾ ಸೇರಿಸಿ. ಕೋಷರ್ ಉಪ್ಪಿನ ಹರಳು ದಪ್ಪ, ಅದರಿಂದ ಮೈ ತರಿತರಿಯಾಗುತ್ತದೆ. ಏಳೆಂಟು ನಿಮಿಷ ನಾದಿ, ಮಗುವೂ ಗುದ್ದಲಿ, ಹಿಂಡಲಿ. ನಾದಿದಷ್ಟೂ ಅಂಚು ಬಿರಿಯದೆ ಅಚ್ಚು ಸಲೀಸಾಗಿ ಬಿಡುತ್ತದೆ. ಲಟ್ಟಣಿಗೆಯಿಂದ ಕಾಲಿಂಚು, ಅಂದರೆ 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ನಕ್ಷತ್ರದ ಕಟರ್ ಇಲ್ಲದಿದ್ದರೆ ಸ್ಟೀಲ್ ಲೋಟ ಸಾಕು. ಪಾರ್ಚ್‌ಮೆಂಟ್ ಮೇಲೆಯೇ ಲಟ್ಟಿಸಿ ಕತ್ತರಿಸಿ, ಸುತ್ತಲಿನ ಹಿಟ್ಟನ್ನು ತೆಗೆದುಬಿಡಿ. ಬಿಲ್ಲೆಯನ್ನು ಎತ್ತಿಡಲು ಹೋದರೆ ಆಕಾರ ಎಳೆಯುತ್ತದೆ. ದಾರಕ್ಕೆ ಸ್ಟ್ರಾದಿಂದ ತೂತು ಮಾಡುವುದನ್ನು ಮರೆಯಬೇಡಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ. ಒಣಗಿದ ಮೇಲೆ ತೂತು ಕೊರೆದರೆ ಬಿಲ್ಲೆ ಎರಡು ಹೋಳು.

ಇದನ್ನು ಬೇಯಿಸುವುದಲ್ಲ, ಒಣಗಿಸುವುದು. 250 ಡಿಗ್ರಿಯಲ್ಲಿ ಎರಡು ತಾಸು, ನಡುವೆ ಒಮ್ಮೆ ಮಗುಚಿ. ಬೇಗ ಆಗಲೆಂದು 350ಕ್ಕೆ ಏರಿಸಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಬಣ್ಣ ಕಂದಾಗುತ್ತದೆ. ಆರಿದ ಮೇಲೆ ಉಗುರಿನಿಂದ ತಟ್ಟಿ ನೋಡಿ: ಟಣ್ ಎಂದರೆ ಒಣಗಿದೆ; ಮೆತ್ತಗಿದ್ದರೆ ಇನ್ನೂ ಅರ್ಧ ಗಂಟೆ. ಹಸಿ ಉಳಿದ ಬಿಲ್ಲೆಗೆ ಬಣ್ಣ ಬಳಿದರೆ ಒಳಗಿನಿಂದ ಬೂಷ್ಟು ಬರುತ್ತದೆ. ಅಕ್ರಿಲಿಕ್ ಬಣ್ಣ ಒಣಗಲು ಬಿಟ್ಟು, ಎರಡೂ ಕಡೆ ಮತ್ತು ಅಂಚಿಗೂ ವಾರ್ನಿಷ್ ಹಚ್ಚಿ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಹಾಗೇ ಬಿಟ್ಟದ್ದು ಬೇಸಿಗೆಯಲ್ಲಿ ಮೆತ್ತಗಾಗುತ್ತದೆ. ಅಂಗೈ ಅಚ್ಚಿನ ಬಿಲ್ಲೆ ಮಾಡುವವರಿಗೆ ಒಂದು ಮಾತು: ಮಗುವಿನ ಬೆರಳನ್ನು ಒಂದೊಂದಾಗಿ ನೀವೇ ಒತ್ತಿ. ಮಗು ತಾನೇ ಒತ್ತಿದರೆ ಅಂಗೈ ಮಾತ್ರ ಮೂಡುತ್ತದೆ, ಬೆರಳು ಮಾಯ.

ಇನ್ನು ತಿನ್ನುವ ಹಿಟ್ಟು. ನಮ್ಮ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಹತ್ತಿರದ ಸಂಬಂಧಿ ಇದು, ಮೊಟ್ಟೆ ಬೇಡ. ಉಪ್ಪಿಲ್ಲದ ಬೆಣ್ಣೆ ಒಂದು ಸ್ಟಿಕ್ (113 ಗ್ರಾಂ), ಅರ್ಧ ಕಪ್ ಸಕ್ಕರೆ, ಒಂದೂವರೆ ಕಪ್ ಮೈದಾ, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಅರ್ಧ ಟೀ ಚಮಚ ವೆನಿಲ್ಲಾ ಅಥವಾ ಕುಟ್ಟಿದ ಏಲಕ್ಕಿ, ಒಂದರಿಂದ ಎರಡು ಟೇಬಲ್ ಚಮಚ ಹಾಲು. ಬೇಕಿಂಗ್ ಪೌಡರ್ ಬದಲು ಸೋಡಾ ಹಾಕಬೇಡಿ, ಸಾಬೂನಿನ ರುಚಿ ಬರುತ್ತದೆ.

ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಬೆಣ್ಣೆ ಮೆತ್ತಗಾಗಲಿ. ಚಳಿಗಾಲದಲ್ಲಿ ಇದಕ್ಕೆ ಒಂದು ತಾಸೂ ಹಿಡಿಯಬಹುದು. ಅವಸರಕ್ಕೆ ಮೈಕ್ರೋವೇವಿನಲ್ಲಿ ಕರಗಿಸಿದರೆ ಕುಕೀಗಳು ತಟ್ಟೆಯ ಮೇಲೆ ಹರಡಿ, ನಕ್ಷತ್ರ ದೋಸೆಯಾಗುತ್ತದೆ. ಬೆಣ್ಣೆ, ಸಕ್ಕರೆ ಎರಡು ನಿಮಿಷ ಚೆನ್ನಾಗಿ ಕಲಸಿ ವೆನಿಲ್ಲಾ ಹಾಕಿ, ಒಣ ಸಾಮಾನು ಸೇರಿಸಿ, ಒಂದು ಚಮಚ ಹಾಲಿನಿಂದ ಶುರುಮಾಡಿ. ಉಂಡೆ ಕೂಡಿತೇ? ಅಲ್ಲಿಗೆ ಕೈ ತೆಗೆಯಿರಿ. ನಾದಿದರೆ ಮೈದಾಕ್ಕೆ ಜಿಗುಟು ಬಂದು ಕುಕೀ ಮುದುಡಿ ಗಟ್ಟಿಯಾಗುತ್ತದೆ. ತಟ್ಟೆಯಾಕಾರಕ್ಕೆ ಒತ್ತಿ, ಸುತ್ತಿ, ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಮಗುವಿನ ತಾಳ್ಮೆ ಕೆಡುವುದು ಇಲ್ಲಿಯೇ, ಆದ್ದರಿಂದ ಹಿಟ್ಟನ್ನು ಹಿಂದಿನ ರಾತ್ರಿಯೇ ಕಲಸಿಡುವುದು ಜಾಣತನ. ಮಗುವಿಗೆ ಕಟರ್ ಒತ್ತುವುದು, ಮೇಲೆ ಬಣ್ಣದ ಸಕ್ಕರೆ ಉದುರಿಸುವುದು, ಇಷ್ಟೇ ಕೆಲಸ ಇಡಿ.

6 ಮಿಲಿಮೀಟರ್ ದಪ್ಪ, 350 ಡಿಗ್ರಿ, ಒಂಬತ್ತರಿಂದ ಹನ್ನೊಂದು ನಿಮಿಷ. ಅಂಚು ತುಸು ಹೊಂಬಣ್ಣಕ್ಕೆ ತಿರುಗಿದರೆ ಸಾಕು. ನಡುವೆ ಇನ್ನೂ ಮೆತ್ತಗಿದ್ದರೂ ತೆಗೆದುಬಿಡಿ, ಬಿಸಿ ತಟ್ಟೆಯ ಮೇಲೆ ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಎರಡನೆಯ ಸರದಿಯನ್ನು ಬಿಸಿ ತಟ್ಟೆಗೆ ಹಾಕಬೇಡಿ, ಬೆಣ್ಣೆ ಮೊದಲೇ ಕರಗಿ ಹರಡುತ್ತದೆ. ಎರಡೂವರೆ ಇಂಚಿನ ಕಟರಿಗೆ ಹೆಚ್ಚುಕಡಿಮೆ ಇಪ್ಪತ್ತು ಕುಕೀ ಬರುತ್ತವೆ. ಐಸಿಂಗ್‌ಗೆ ಒಂದು ಕಪ್ ಪೌಡರ್ಡ್ ಶುಗರ್, ಒಂದೂವರೆ ಟೇಬಲ್ ಚಮಚ ಹಾಲು. ಕುಕೀ ಪೂರ್ತಿ ಆರಿದ ಮೇಲೆ ಮಾತ್ರ.

ಹಸಿ ಹಿಟ್ಟನ್ನು ಮಗು ನೆಕ್ಕದಂತೆ ನೋಡಿಕೊಳ್ಳಿ. ಮೊಟ್ಟೆ ಇಲ್ಲದಿದ್ದರೂ ಹಸಿ ಮೈದಾದಲ್ಲಿ ಇ. ಕೊಲೈ, ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಸುತ್ತದೆ. ಉಪ್ಪುಹಿಟ್ಟನ್ನಂತೂ ಬಾಯಿಗೆ ಬಿಡಲೇಬೇಡಿ, ಅಷ್ಟು ಉಪ್ಪು ಅಪಾಯ. ನಾಯಿಗೂ ಹಾಗೆಯೇ, ನಾಯಿ ಇರುವ ಮನೆಯಲ್ಲಿ ಕ್ರಿಸ್‌ಮಸ್ ಮರದ ಕೆಳಗಿನ ಕೊಂಬೆಗೆ ಈ ಬಿಲ್ಲೆ ಕಟ್ಟಬೇಡಿ. ಚಿತ್ರಗಳಲ್ಲಿ ಚಂದ ಕಾಣುವ ಪಾಪ್‌ಕಾರ್ನ್ ಮಾಲೆ ನಾಲ್ಕು ವರ್ಷದೊಳಗಿನ ಮಗುವಿರುವ ಮನೆಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸಸ್ಯಾಹಾರಿಗಳು ಲೇಬಲ್ ಓದಬೇಕಾದ ಕಾಲ ಇದು. ಮಾರ್ಷ್‌ಮೆಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್. ರಾಯಲ್ ಐಸಿಂಗ್ ಮತ್ತು ಮೆರಿಂಗ್ ಪೌಡರಿನಲ್ಲಿ ಮೊಟ್ಟೆಯ ಬಿಳಿ. ಕೆಲವು ಕೆಂಪು ಸ್ಪ್ರಿಂಕಲ್‌ಗಳ ‘ಕಾರ್ಮೈನ್’ ಕೀಟದಿಂದ ತೆಗೆದ ಬಣ್ಣ. ಶಾಲೆಗೆ ಒಯ್ಯುವ ಮೊದಲು ಟೀಚರನ್ನು ಕೇಳಿ. ಎಷ್ಟೋ ಕಡೆ ಮನೆಯಲ್ಲಿ ಮಾಡಿದ ತಿಂಡಿಗೆ ಅವಕಾಶವಿಲ್ಲ, ಪ್ಯಾಕೆಟ್ಟಿನದೇ ಆಗಬೇಕು. ನೆರೆಮನೆಗೆ ಕೊಡುವಾಗ ಡಬ್ಬಕ್ಕೆ ಸಾಮಾನಿನ ಚೀಟಿ ಅಂಟಿಸಿ. ಅಭ್ಯಾಸಬಲದಿಂದ ನಾವು ಗೋಡಂಬಿ ಚೂರು ಒತ್ತಿಬಿಡುತ್ತೇವೆ, ಇಲ್ಲಿ ನಟ್ ಅಲರ್ಜಿ ಹುಡುಗಾಟದ ಮಾತಲ್ಲ.

ಓವನ್ ಬೇಡವೆನ್ನುವ ದಿನಕ್ಕೆ ಮಂಗಳೂರಿನ ಕಡೆಯ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್ ನೆನಪಿಸಿಕೊಳ್ಳಿ. ಅದರಲ್ಲಿ ಒಂದಾದ ಕಿಡಿಯೊ ಎಂಬ ಕರಿದ ಸಿಹಿತಿಂಡಿಗೆ ಪುಟ್ಟ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೈಗೇ ಹೇಳಿ ಮಾಡಿಸಿದ ಕೆಲಸ. ಕರಿಯುವುದು ದೊಡ್ಡವರು, ಮಗು ಒಲೆಯಿಂದ ದೂರ.

ಕಿಟಕಿಗೆ ಹಿಮದ ಹೂವು ಕತ್ತರಿಸಲು ಪ್ರಿಂಟರ್ ಹಾಳೆಗಿಂತ ಕಾಫಿ ಫಿಲ್ಟರ್ ಒಳ್ಳೆಯದು. ನಮ್ಮ ಡಿಕಾಕ್ಷನ್ನಿನದಲ್ಲ, ಇಲ್ಲಿ ಸಿಗುವ ಕಾಗದದ್ದು. ದುಂಡಗೆ, ತೆಳ್ಳಗೆ ಇರುವುದರಿಂದ ಮಕ್ಕಳ ಕತ್ತರಿಗೆ ಬಗ್ಗುತ್ತದೆ. ಅರ್ಧಕ್ಕೆ ಮಡಚಿ, ಆ ಅರ್ಧವನ್ನು ಮೂರು ಪಾಲಾಗಿ ಮಡಚಿದರೆ ಆರು ಪದರ. ಇನ್ನೊಂದು ಮಡಿಕೆಗೆ ಹೋದರೆ ಹನ್ನೆರಡಾಗಿ ಮೊಂಡು ಕತ್ತರಿ ಸಿಕ್ಕಿಕೊಳ್ಳುತ್ತದೆ. ಎರಡೂ ಮಡಿಕೆಯ ಅಂಚಿನಲ್ಲಿ ಸಣ್ಣ ತ್ರಿಕೋನ ತೆಗೆಯಲು ಹೇಳಿ. ಒಂದು ಅಂಚಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಕತ್ತರಿಸಿದರೆ ಹೂವು ಎರಡು ತುಂಡಾಗಿ ಕೈಗೆ ಬರುತ್ತದೆ. ಗಾಜಿಗೆ ಅಂಟಿಸಲು ಪೇಂಟರ್ಸ್ ಟೇಪ್ ಬಳಸಿ, ಬಾಡಿಗೆ ಮನೆಯಲ್ಲಿ ಕಲೆ ಉಳಿಯದು.