ವರ್ಚುವಲ್ ಮಷೀನ್‌ಗೆ ಬೇಕಂತಲೇ ನಿಧಾನದ ಡಿಸ್ಕ್ ಕೊಟ್ಟು ನೋಡಿದ್ದು

ಸ್ಟೋರೇಜ್ ಟೆಸ್ಟ್ ಅಂದರೆ ಹೆಚ್ಚಿನವರು ಡಿಸ್ಕ್ ಕಿತ್ತು, ಎರರ್ ಬಂತಾ ಅಂತ ನೋಡಿ, ಅಲ್ಲಿಗೇ ಬಿಡುತ್ತಾರೆ. ನಾನು ಮೊದಲು ನೋಡುವುದು ನಿಧಾನದ ಡಿಸ್ಕನ್ನು. ಎರರ್ ಬಂದರೆ ಪ್ರೋಗ್ರಾಂ ಏನಾದರೂ ಒಂದು ತೀರ್ಮಾನಕ್ಕೆ ಬರುತ್ತದೆ. ಉತ್ತರವೇ ಬಾರದಿದ್ದರೆ ಸುಮ್ನೆ ಕಾಯುತ್ತಾ ಕೂರುತ್ತದೆ, ಅಲ್ವಾ?

ತೊಂದರೆ ಕೊಡುವುದನ್ನು ಗೆಸ್ಟ್ (ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ನಡೆಯುವ ಕಂಪ್ಯೂಟರ್; ಚಿಕ್ಕದಾಗಿ ವಿಎಂ) ಒಳಗಲ್ಲ, ಅದನ್ನು ನಡೆಸುವ ನಿಜವಾದ ಕಂಪ್ಯೂಟರ್ ಆದ ಹೋಸ್ಟ್‌ನಲ್ಲೇ ಮಾಡುತ್ತೇನೆ. ಆಗ ಗೆಸ್ಟ್‌ಗೆ ಅದು ನಿಜವಾದ ಡಿಸ್ಕಿನ ತೊಂದರೆಯ ಹಾಗೇ ಕಾಣುತ್ತದೆ. ಲಿನಕ್ಸ್‌ನ ಡಿವೈಸ್ ಮ್ಯಾಪರ್ (ಡಿಸ್ಕಿನ ಮೇಲೆ ಇನ್ನೊಂದು ಪದರ ಕೂರಿಸುವ ಸೌಲಭ್ಯ) ಇದಕ್ಕೆ ಸಾಕು. ಒಂದು ಫೈಲನ್ನು ಲೂಪ್ ಡಿವೈಸ್ ಮಾಡಿ (ಅಂದರೆ ಅದು ಡಿಸ್ಕಿನ ಹಾಗೆ ಕಾಣುವಂತೆ ಮಾಡಿ), ಅದರ ಮೇಲೆ ವಿಳಂಬ ತರುವ ಪದರವಾದ ಡಿಎಂ-ಡಿಲೇ ಕೂರಿಸಿ, ಅದನ್ನು ವಿಎಂಗೆ ಡಿಸ್ಕ್ ಆಗಿ ಕೊಡುತ್ತೇನೆ. ಓದುವುದಕ್ಕೆ ಬೇರೆ, ಬರೆಯುವುದಕ್ಕೆ ಬೇರೆ ವಿಳಂಬ ಕೊಡಬಹುದು, ಮಿಲಿಸೆಕೆಂಡ್ ಲೆಕ್ಕದಲ್ಲಿ. ನಾನು ಓದುವುದಕ್ಕೆ 0, ಬರೆಯುವುದಕ್ಕೆ 500 ಇಟ್ಟು ಶುರು ಮಾಡುತ್ತೇನೆ. ವಿಎಂ ನಡೆಸುವ ಪ್ರೋಗ್ರಾಂ ಆದ ಕ್ಯೂಎಮುನಲ್ಲಿ (QEMU) ಡಿಸ್ಕಿನ ಕ್ಯಾಶ್ ಸೆಟ್ಟಿಂಗ್ 'ನನ್' (none) ಇರಲಿ. ಇಲ್ಲದಿದ್ದರೆ ಹೋಸ್ಟ್‌ನ ಮೆಮೊರಿಯೇ ಎಷ್ಟೋ ಬರಹಗಳನ್ನು ತೆಗೆದುಕೊಂಡು, ವಿಳಂಬವನ್ನು ಮುಚ್ಚಿಹಾಕುತ್ತದೆ.

ಆಮೇಲೆ ಗೆಸ್ಟ್‌ನಲ್ಲಿ ಟಾಪ್ ಕಮಾಂಡ್ ತೆರೆದು ನೋಡಿ. ಸಿಪಿಯು ಕೆಲಸವಿಲ್ಲದೆ ಕೂತಿದೆ, ಆದರೆ ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ) ಏರುತ್ತಲೇ ಇದೆ. ಡೇಟಾಬೇಸಿನ ಪ್ರೋಸೆಸ್‌ಗಳ ಮುಂದೆ 'ಡಿ' ಅಕ್ಷರ: ಡಿಸ್ಕಿಗಾಗಿ ಕಾಯುತ್ತಿವೆ. ಆ ಹೊತ್ತಿಗೆ ಪಿಂಗ್ ಮಾಡಿದರೆ ಉತ್ತರ ತಕ್ಷಣ ಬರುತ್ತದೆ. ಸರ್ವರ್ ಸರಿಯಿದೆಯಾ ಅಂತ ಆಗಾಗ ನೋಡುವ ಹೆಲ್ತ್ ಚೆಕ್ ಕೂಡ ಹಸಿರು, ಯಾಕೆಂದರೆ ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ. ಬಳಕೆದಾರರು ಕಾಯುತ್ತಿರುತ್ತಾರೆ, ಮಾನಿಟರಿಂಗ್ ಎಲ್ಲ ಸರಿ ಅನ್ನುತ್ತಿರುತ್ತದೆ. ನನ್ನ ಪ್ರಕಾರ ಈ ಟೆಸ್ಟಿನಿಂದ ಸಿಗುವ ದೊಡ್ಡ ಲಾಭ ಇದೇ. ಡಿಸ್ಕಿಗೆ ಒಂದು ಚಿಕ್ಕ ಫೈಲ್ ಬರೆದು, ಎಫ್‌ಸಿಂಕ್ (ಬರೆದದ್ದು ನಿಜವಾಗಿ ಡಿಸ್ಕ್ ಸೇರಲಿ ಅಂತ ಕೇಳುವ ಕರೆ) ಮಾಡಿ ನೋಡುವ ಹೆಲ್ತ್ ಚೆಕ್ ಇಲ್ಲದಿದ್ದರೆ ಇದು ಗೊತ್ತೇ ಆಗುವುದಿಲ್ಲ.

ಎರರ್ ಬರಿಸುವುದು ಇದಕ್ಕಿಂತ ಸುಲಭ. ಡಿವೈಸ್ ಮ್ಯಾಪರ್‌ನದೇ ಇನ್ನೊಂದು ಪದರವಾದ ಡಿಎಂ-ಫ್ಲೇಕಿ ಕೆಲವು ಸೆಕೆಂಡು ಸರಿಯಾಗಿ ನಡೆದು, ಕೆಲವು ಸೆಕೆಂಡು ಕೈಕೊಡುತ್ತದೆ. ಬರೆದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುವ ಆಯ್ಕೆಯೂ ಅದರಲ್ಲಿದೆ. ಎಫ್‌ಸಿಂಕ್ ಒಮ್ಮೆ ಸೋತ ಮೇಲೆ ಮತ್ತೆ ಕರೆದರೆ ಲಿನಕ್ಸ್‌ನಲ್ಲಿ 'ಸರಿ' ಅಂತ ಬರಬಹುದು, ಡೇಟಾ ಮಾತ್ರ ಡಿಸ್ಕ್ ಸೇರಿರುವುದಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್‌ಗಳು ತಲೆಕೆಡಿಸಿಕೊಂಡದ್ದು ಇದಕ್ಕೇ. ನಿಮ್ಮ ಪ್ರೋಗ್ರಾಂ ಮತ್ತೆ ಪ್ರಯತ್ನಿಸಿ ಸುಮ್ಮನಾಗುತ್ತದೋ, ನಿಂತುಬಿಡುತ್ತದೋ ಅಂತ ಖಂಡಿತ ನೋಡಿ.

ಡಿಸ್ಕಿನ ಎರರ್ ಬಂದಾಗ ಕ್ಯೂಎಮು ಅದನ್ನು ಗೆಸ್ಟ್‌ಗೆ ತಿಳಿಸಬಹುದು, ಅಥವಾ ಇಡೀ ವಿಎಂ ಅನ್ನೇ ನಿಲ್ಲಿಸಬಹುದು. ಎರಡನ್ನೂ ಇಟ್ಟು ನೋಡಬೇಕು.

ಕೊನೆಗೆ ಪೂರ್ತಿ ಸ್ತಬ್ಧ. ಹೋಸ್ಟ್‌ನಲ್ಲಿ ಡಿವೈಸ್ ಮ್ಯಾಪರ್‌ನ 'ಡಿಎಂಸೆಟಪ್ ಸಸ್ಪೆಂಡ್' ಕಮಾಂಡ್ ಕೊಟ್ಟರೆ ಹೊಸದಾಗಿ ಬಂದ ಓದು-ಬರಹವೆಲ್ಲ ಸಾಲಿನಲ್ಲಿ ನಿಲ್ಲುತ್ತದೆ, ಎರರ್ ಬರುವುದಿಲ್ಲ. ಡಿಸ್ಕ್ ವರ್ಟಿಯೋ-ಬ್ಲಾಕ್ (virtio-blk, ವಿಎಂಗಳಿಗೆಂದೇ ಮಾಡಿದ ಡಿಸ್ಕಿನ ಬಗೆ) ಆಗಿದ್ದರೆ ಗೆಸ್ಟ್ ಕಾಯುತ್ತಲೇ ಇರುತ್ತದೆ. 120 ಸೆಕೆಂಡು ದಾಟಿದ ಮೇಲೆ, ಸಾಮಾನ್ಯ ಸೆಟ್ಟಿಂಗ್ ಇದ್ದರೆ, ಪ್ರೋಸೆಸ್ ಸಿಕ್ಕಿಹಾಕಿಕೊಂಡಿದೆ ಅಂತ ಕರ್ನಲ್ ಲಾಗಿನಲ್ಲಿ ಹೇಳುತ್ತದೆ, ಅಷ್ಟೇ. ಕ್ಲಸ್ಟರ್ (ಒಂದು ನೋಡ್, ಅಂದರೆ ಒಂದು ಮಷೀನ್, ಲೀಡರ್ ಆಗಿದ್ದು ಒಟ್ಟಿಗೆ ಕೆಲಸ ಮಾಡುವ ಗುಂಪು) ಇದ್ದರೆ ಇದನ್ನು ಬಿಡಲೇಬೇಡಿ. ಲೀಡರ್ ನೋಡ್ ಹೀಗೆ ನಿಂತಾಗ ಬೇರೊಂದು ನೋಡ್ ಲೀಡರ್ ಆಗಲಿ, ಆಮೇಲೆ 'ರಿಸ್ಯೂಮ್' ಕೊಡಿ. ಹಳೆಯ ಲೀಡರ್ ಬಾಕಿ ಉಳಿಸಿದ್ದ ಬರಹಗಳೆಲ್ಲ ಆಗ ಡಿಸ್ಕಿಗೆ ಹರಿಯುತ್ತವೆ. ಡಿಸ್ಕ್ ಇಬ್ಬರಿಗೂ ಸೇರಿದ್ದಾಗಿದ್ದು, ಹಳೆಯ ಲೀಡರ್‌ನ ದಾರಿ ಮೊದಲೇ ಮುಚ್ಚಿರದಿದ್ದರೆ, ಹೊಸ ಡೇಟಾದ ಮೇಲೆ ಹಳೆಯದು ಬಂದು ಕೂರಬಹುದು.