ವಿಶೇಷ ಶಾಲೆಗೆ ಸರ್ಕಾರದ ಅನುದಾನ: ಅರ್ಜಿಗೆ ಮುಂಚೆ, ದುಡ್ಡು ಬಂದ ಮೇಲೆ

ಹಾವೇರಿ ಜಿಲ್ಲೆಯಲ್ಲಿ ಬುದ್ಧಿಮಾಂದ್ಯ ಮಕ್ಕಳ ಶಾಲೆಯೊಂದರ ಲೆಕ್ಕ ಬರೆಯುತ್ತೇನೆ. ಸಂಬಳಕ್ಕಲ್ಲ, ಸಂಸ್ಥೆಯ ಖಜಾಂಚಿಯಾಗಿ. ಅಕ್ಕಪಕ್ಕದ ತಾಲ್ಲೂಕಿನವರು ಆಗಾಗ ಫೋನ್ ಮಾಡಿ, "ಅಕ್ಕಾರ, ಅನುದಾನಕ್ಕ ಹೆಂಗ್ ಅರ್ಜಿ ಹಾಕೋದ್ರಿ?" ಅಂತ ಕೇಳುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳುತ್ತಿದ್ದದ್ದನ್ನೇ ಇಲ್ಲಿ ಬರೆದಿದ್ದೇನೆ. ವೃದ್ಧಾಶ್ರಮ ನಡೆಸುವವರಿಗೂ ಮುಕ್ಕಾಲು ಪಾಲು ಇದೇ ದಾರಿ.

ಮೊದಲೇ ಹೇಳಿಬಿಡುತ್ತೇನೆ, ಅನುದಾನ ನಂಬಿಕೊಂಡು ಶಾಲೆ ಶುರು ಮಾಡಬೇಡಿ. ನಡೆಯುತ್ತಿರುವ ಕೆಲಸಕ್ಕೆ ಸರ್ಕಾರ ದುಡ್ಡು ಕೊಡುತ್ತದೆಯೇ ಹೊರತು ಮನಸ್ಸಿನಲ್ಲಿರುವ ಕೆಲಸಕ್ಕಲ್ಲ. ನೋಂದಣಿಯಾಗಿ ಎರಡು ವರ್ಷವಾದರೂ ಆಗಿರಬೇಕು, ಆ ವರ್ಷಗಳ ಆಡಿಟ್ ವರದಿ ಇರಬೇಕು, ಮಕ್ಕಳು ನಿಜವಾಗಿ ಬರುತ್ತಿರಬೇಕು. ಮಂಜೂರಾದ ಮೇಲೂ ದುಡ್ಡು ತಡವಾಗಿಯೇ ಬರುತ್ತದೆ. ಜೂನ್‌ನಲ್ಲಿ ಕೊಟ್ಟ ಸಂಬಳದ ಹಣ ಮಾರ್ಚ್‌ನಲ್ಲಿ ಬಂದರೆ ಪುಣ್ಯ. ಅಲ್ಲಿಯವರೆಗೆ ಊರಿನ ದಾನಿಗಳೇ ಗತಿ. ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಟ್ಟುಕೊಳ್ಳದೆ ಹೊಸ ಟೀಚರ್ ತೆಗೆದುಕೊಳ್ಳಬೇಡಿ ಅನ್ನುವುದು ನನ್ನ ಹಟ. ಅಧ್ಯಕ್ಷರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಆದರೂ ಬಿಟ್ಟಿಲ್ಲ.

ಇನ್ನು ಯಾವ ಯೋಜನೆ ಅಂತ. ವಿಶೇಷ ಶಾಲೆಗಳಿಗೆ ಮುಖ್ಯವಾಗಿ ಎರಡು ಬಾಗಿಲಿವೆ. ರಾಜ್ಯದ್ದು ಶಿಶುಕೇಂದ್ರಿತ ಸಹಾಯಧನ ಯೋಜನೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಮಗುವಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಡುತ್ತದೆ. ಕೇಂದ್ರದ್ದು ದೀನದಯಾಳ್ ಪುನರ್ವಸತಿ ಯೋಜನೆ, ಎಲ್ಲರೂ ಡಿಡಿಆರ್‌ಎಸ್ ಅನ್ನುತ್ತಾರೆ. 1999ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 2003ರಲ್ಲಿ ಈ ಹೆಸರು ಪಡೆಯಿತು. ಅವರು ಒಪ್ಪಿದ ಖರ್ಚಿನ ಮಿತಿಯಲ್ಲಿ ನಮ್ಮಂಥ ಜಿಲ್ಲೆಯವರಿಗೆ ಹೆಚ್ಚೆಂದರೆ ಶೇ 90 ಸಿಗುತ್ತದೆ. ಉಳಿದದ್ದು ನಮ್ಮದೇ. ಹಿರಿಯರಿಗೆ ಆಶ್ರಮ ನಡೆಸುವವರಾದರೆ ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆ ನೋಡಿ. ಒಂದೇ ಮಗುವಿನ, ಒಂದೇ ಟೀಚರ್‌ನ ಖರ್ಚನ್ನು ಎರಡೂ ಕಡೆ ತೋರಿಸುವಂತಿಲ್ಲ. ಇದೇ ಕೆಲಸಕ್ಕೆ ಬೇರೆಲ್ಲೂ ಅನುದಾನ ಪಡೆದಿಲ್ಲ ಅಂತ ಬರೆದುಕೊಡಬೇಕಾಗುತ್ತದೆ, ಸುಮ್ನೆ ಸಹಿ ಹಾಕಿ ಮರೆತುಬಿಡುವ ಕಾಗದವಲ್ಲ ಅದು.

ಅರ್ಜಿ ಫಾರಂ ಮುಟ್ಟುವ ಮುಂಚೆ ಒಂದು ಫೈಲ್ ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಪಡೆದ ನೋಂದಣಿ ಪತ್ರ, ಬೈಲಾ, ಸಂಸ್ಥೆಯ ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಆದಾಯ ತೆರಿಗೆಯವರ 12ಎ ಮತ್ತು 80ಜಿ (ಸಂಸ್ಥೆಗೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡಿಸುವ ಪತ್ರಗಳು), ಆಡಿಟ್ ವರದಿಗಳು, ಆಡಳಿತ ಮಂಡಳಿಯ ಪಟ್ಟಿ. ಈ ಕಾಯ್ದೆಯ 13ನೇ ಕಲಂ ಪ್ರಕಾರ ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಸಣ್ಣ ಸಂಸ್ಥೆಗಳು ಎಡವುವುದು ಇಲ್ಲೇ. ಸಭೆ ಮಾಡಿರುತ್ತಾರೆ, ಚಹಾ-ಮಂಡಕ್ಕಿ ಆಗಿರುತ್ತದೆ, ಠರಾವು ಬರೆದಿರುತ್ತಾರೆ. ಆದರೆ ನೋಂದಣಾಧಿಕಾರಿ ಕಚೇರಿಗೆ ಕಾಗದ ಹೋಗಿರುವುದಿಲ್ಲ. ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿಕೊಳ್ಳಿ.

ಸ್ವಯಂಸೇವಾ ಸಂಸ್ಥೆಗಳ ದಾಖಲೆ ಇಡುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಿ ಐಡಿ ತೆಗೆದುಕೊಳ್ಳಿ. ಸಂಸ್ಥೆಯ ಪ್ಯಾನ್ ಜೊತೆ ಕನಿಷ್ಠ ಮೂವರು ಪದಾಧಿಕಾರಿಗಳ ಪ್ಯಾನ್, ಆಧಾರ್ ಬೇಕು. ಇದಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಫೋನ್ ಇಟ್ಟುಬಿಡಿ. "ಅನುದಾನ ಮಾಡಿಸಿಕೊಡ್ತೀವಿ, ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರಿಗೂ ಅದೇ ಮರ್ಯಾದೆ.

ಅಂಗವಿಕಲರಿಗಾಗಿ ಸಂಸ್ಥೆ ನಡೆಸಲು ಇನ್ನೊಂದು ನೋಂದಣಿಯೂ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಮಾಣಪತ್ರ ಇಲ್ಲದೆ ಶಾಲೆ ನಡೆಸುವಂತೆಯೇ ಇಲ್ಲ. ಅರ್ಜಿ ಕೊಟ್ಟ 90 ದಿನದೊಳಗೆ ತೀರ್ಮಾನ ಹೇಳಬೇಕು ಅಂತ ಕಾಯ್ದೆಯಲ್ಲೇ ಇದೆ, ಹಾಗಾಗಿ ಅರ್ಜಿ ಕೊಟ್ಟ ದಿನದ ಸ್ವೀಕೃತಿ ಜೋಪಾನ. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿತರಾಗಿರಬೇಕು. ಆ ನೋಂದಣಿಯ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡಿ. ಮಕ್ಕಳ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಆಗಿಲ್ಲದಿದ್ದರೆ ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ನಮ್ಮ ಕಡೆ ವಿಆರ್‌ಡಬ್ಲ್ಯೂ ಅಂತಾರೆ. ಯಾವ ಮಗು ಯಾವ ಓಣಿಯಲ್ಲಿದೆ ಅಂತ ಅವರಿಗೆ ಗೊತ್ತಿದ್ದಷ್ಟು ನಮಗೂ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾಗದಗಳನ್ನು ಟೇಬಲ್ ಮೇಲೆ ಸಾಲಾಗಿ ಹರಡಿ, ಸಂಸ್ಥೆಯ ಹೆಸರನ್ನು ಮಾತ್ರ ಬೆರಳಿಟ್ಟು ಓದುತ್ತಾ ಹೋಗಿ. ನೋಂದಣಿ ಪತ್ರದಲ್ಲಿ ಹೆಸರಿನ ಮುಂದೆ "ಶ್ರೀ" ಇದೆ, ಪ್ಯಾನ್‌ನಲ್ಲಿ ಇಲ್ಲ. ಪಾಸ್‌ಬುಕ್‌ನಲ್ಲಿ ಜಾಗ ಸಾಲದೆ ಕೊನೆಯ ಪದ ಅರ್ಧಕ್ಕೆ ನಿಂತಿದೆ. ಒಂದು ಕಡೆ ಸಂಸ್ಥೆ, ಇನ್ನೊಂದು ಕಡೆ ಸಂಘ, ಸೀಲ್‌ನಲ್ಲಿ ಟ್ರಸ್ಟ್! ನೋಡುವ ನಮಗೆ ಎಲ್ಲ ಒಂದೇ. ಕಂಪ್ಯೂಟರಿಗೆ ಅವು ಬೇರೆ ಬೇರೆ ಸಂಸ್ಥೆ. ಮಂಜೂರಾದ ಹಣ ಖಾತೆಗೆ ಬೀಳದೆ ವಾಪಸ್ ಹೋಗುವುದು ಇಂಥದ್ದಕ್ಕೇ. ನೋಂದಣಿ ಪತ್ರದಲ್ಲಿ ಇರುವುದೇ ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಪ್ಯಾನ್ ತಿದ್ದುಪಡಿ ಆಗಿ ಬ್ಯಾಂಕಿನಲ್ಲಿ ಬದಲಾಗುವ ಹೊತ್ತಿಗೆ ಒಂದೆರಡು ತಿಂಗಳು ಹೋಗಬಹುದು, ಆ ಲೆಕ್ಕ ಇಟ್ಟುಕೊಂಡೇ ಶುರು ಮಾಡಿ.

ಅರ್ಜಿ ತುಂಬುವುದು ಇದರ ಮುಂದೆ ಸಲೀಸು. ಡಿಡಿಆರ್‌ಎಸ್‌ಗೆ ಇ-ಅನುದಾನ್ ಪೋರ್ಟಲ್‌ನಲ್ಲಿ ಹಾಕಬೇಕು. ಜಿಲ್ಲೆಯಲ್ಲಿ ತಪಾಸಣೆಯಾಗಿ, ರಾಜ್ಯದ ಶಿಫಾರಸಿನೊಂದಿಗೆ ದಿಲ್ಲಿಗೆ ಹೋಗುತ್ತದೆ. ಆನ್‌ಲೈನ್ ಆಯ್ತಲ್ಲ ಅಂತ ಸುಮ್ಮನಿರಬೇಡಿ. ಒಂದು ಪ್ರತಿಯನ್ನು ಜಿಲ್ಲಾ ಕಚೇರಿಯ ಟಪಾಲಿಗೆ ಕೊಟ್ಟು ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸಂಸ್ಥೆಯ ಬಗ್ಗೆ ಬರೆಯುವಾಗ "ಸಮಾಜದ ಕಟ್ಟಕಡೆಯ ವ್ಯಕ್ತಿಯನ್ನು ಮುಖ್ಯವಾಹಿನಿಗೆ ತರುವ ಮಹೋನ್ನತ ಉದ್ದೇಶ" ಅಂತೆಲ್ಲ ಯಾರೂ ಓದುವುದಿಲ್ಲ. ಎಷ್ಟು ಮಕ್ಕಳು, ಯಾವ ಯಾವ ಹಳ್ಳಿಯವರು, ಹೋದ ವರ್ಷ ತಾನೇ ಊಟ ಮಾಡಲು ಕಲಿತವರು ಎಷ್ಟು ಜನ, ಮನೆಯವರ ಸಹಾಯವಿಲ್ಲದೆ ಶೌಚಕ್ಕೆ ಹೋಗುವವರು ಎಷ್ಟು ಜನ, ಇದನ್ನು ಬರೆಯಿರಿ.

ಬಜೆಟ್‌ನಲ್ಲಿ ಯೋಜನೆಯಲ್ಲಿ ಹೇಳಿದ ಹುದ್ದೆ, ಹೇಳಿದ ದರ ಮಾತ್ರ. ಟೀಚರಿಗೆ ನೀವು ಅದಕ್ಕಿಂತ ಜಾಸ್ತಿ ಕೊಡುತ್ತಿದ್ದರೆ ಹೆಚ್ಚಿನದನ್ನು ಸಂಸ್ಥೆಯ ಪಾಲು ಅಂತ ತೋರಿಸಿ. ಕಡಿಮೆ ಕೊಟ್ಟು ಜಾಸ್ತಿಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಕೆಲವು ಕಡೆ ಇದೆ, ಎಲ್ಲರಿಗೂ ಗೊತ್ತು. ಸಂಬಳ ಬ್ಯಾಂಕ್ ಮೂಲಕವೇ ಹೋದರೆ ಆ ಆಸೆಯೇ ಹುಟ್ಟುವುದಿಲ್ಲ.

ಈಗ ತಪಾಸಣೆ. ಬರುವ ಅಧಿಕಾರಿ ಗೋಡೆಯ ಮೇಲಿನ ಚಿತ್ರ ನೋಡಿ ಹೋಗುತ್ತಾರೆ ಅಂದುಕೊಳ್ಳಬೇಡಿ. ಅನುಭವಸ್ಥರಾದರೆ ಮಕ್ಕಳ ಹಾಜರಿ ಪುಸ್ತಕ ಮತ್ತು ಅಡುಗೆಮನೆಯ ದಾಸ್ತಾನು ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಹಾಜರಿಯಲ್ಲಿ 14 ಮಕ್ಕಳಿದ್ದ ದಿನ 25 ಮಕ್ಕಳಿಗಾಗುವಷ್ಟು ಅಕ್ಕಿ ಖರ್ಚಾಗಿದ್ದರೆ ಅಲ್ಲಿಗೆ ಮುಗಿಯಿತು. ಕಾರಹುಣ್ಣಿಮೆಗೆ, ಊರ ಜಾತ್ರೆಗೆ ಮಕ್ಕಳು ಬರುವುದಿಲ್ಲ. ಮೆಕ್ಕೆಜೋಳ ಮುರಿಯುವ ಹೊತ್ತಿನಲ್ಲಿ ಕರೆತರುವವರು ಯಾರೂ ಇಲ್ಲದೆ ಅರ್ಧ ತರಗತಿ ಖಾಲಿ. ಅದನ್ನು ಹಾಗೆಯೇ ಬರೆಯಿರಿ. ವರ್ಷಪೂರ್ತಿ ಒಂದೂ ಗೈರುಹಾಜರಿ ಇಲ್ಲದ ಪುಸ್ತಕ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ವೋಚರ್‌ಗಳ ವಿಷಯವೂ ಹೀಗೇ. ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿ ಬಿಲ್ ಕೊಡುವುದಿಲ್ಲ. ಅಂಥ ಕಡೆ ಸಂಸ್ಥೆಯ ವೋಚರ್‌ನಲ್ಲಿ ದಿನಾಂಕ, ಸಾಮಾನು, ತೂಕ, ದರ ಬರೆದು, ತಂದವರೂ ಅಡುಗೆಯವರೂ ಸಹಿ ಹಾಕಲಿ. ಆದರೆ ಕಿರಾಣಿ ಅಂಗಡಿಯಿಂದ ಪಕ್ಕಾ ಬಿಲ್ಲೇ ಬೇಕು, ಸಂಸ್ಥೆಯ ಹೆಸರಿನಲ್ಲೇ ಬೇಕು. ಐದು ಸಾವಿರಕ್ಕಿಂತ ಹೆಚ್ಚಿನ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿಸಿ. ಒಬ್ಬರಿಗೆ ಒಂದು ದಿನದಲ್ಲಿ ಹತ್ತು ಸಾವಿರ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ತೊಂದರೆ. ವೋಚರ್ ಸಂಖ್ಯೆಯನ್ನು ಅವತ್ತೇ ಹಾಕಿ, ಕ್ಯಾಶ್‌ಬುಕ್ ಅವತ್ತೇ ಬರೆಯಿರಿ. ಮಾರ್ಚ್ ತಿಂಗಳಲ್ಲಿ ಕೂತು ಒಂದೇ ಪೆನ್ನಿನಲ್ಲಿ ವರ್ಷದ್ದೆಲ್ಲ ಬರೆದ ಪುಸ್ತಕ ನೋಡಿದ ತಕ್ಷಣ ಗೊತ್ತಾಗುತ್ತದೆ.

ದುಡ್ಡು ಬರುವವರೆಗೆ ಅಧ್ಯಕ್ಷರೋ ಕಾರ್ಯದರ್ಶಿಯೋ ಕೈಯಿಂದ ಹಾಕುವುದು ಎಲ್ಲ ಕಡೆ ಇರುವುದೇ. ಹಾಕಲಿ, ಆದರೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಹಾಕಲಿ. ಕೈಗಡ ಅಂತ ಠರಾವು ಮಾಡಿ ಲೆಕ್ಕದಲ್ಲಿ ತೋರಿಸಿ. ಇಲ್ಲದಿದ್ದರೆ ಅನುದಾನ ಬಂದ ಮೇಲೆ ಅವರ ದುಡ್ಡು ಅವರಿಗೆ ವಾಪಸ್ ಕೊಟ್ಟರೂ, ಸಂಸ್ಥೆಯ ಹಣ ಪದಾಧಿಕಾರಿ ಹೊಡೆದ ಹಾಗೆ ಕಾಣುತ್ತದೆ.

ಕೇಂದ್ರದ ಮಂಜೂರಾತಿಗೆ ಮುಂಚೆ ಆಡಳಿತ ಮಂಡಳಿಯವರಿಂದ ಬಾಂಡ್ ಕೇಳುತ್ತಾರೆ. ಇದನ್ನು ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಹಣ ಬೇರೆ ಕೆಲಸಕ್ಕೆ ಬಳಸಿದರೆ, ಷರತ್ತು ಮುರಿದರೆ, ಸಹಿ ಹಾಕಿದವರು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ವರ್ಷಕ್ಕೆ ಶೇ 10 ಬಡ್ಡಿ ಸೇರಿಸಿ ಕಟ್ಟಬೇಕು. "ನೀವ್ ಹೇಳಿದ್ರಿ ಅಂತ ಸಹಿ ಹಾಕೀನ್ರಿ ಅಕ್ಕಾ" ಅನ್ನುವ ಸದಸ್ಯರಿಗೆ ಇದು ಮೊದಲೇ ಗೊತ್ತಿರುವುದು ನ್ಯಾಯ.

ಹಣ ಬಂದ ವರ್ಷ ಮುಗಿಯುತ್ತಿದ್ದಂತೆ ಹಣಬಳಕೆ ಪ್ರಮಾಣಪತ್ರ ಕೊಡಬೇಕು. ಕಚೇರಿಯಲ್ಲಿ ಯುಸಿ ಅಂದರೆ ಇದೇ. ಕೇಂದ್ರದ ಅನುದಾನಕ್ಕೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆ. ನಿಯಮದಲ್ಲಿ ಆರ್ಥಿಕ ವರ್ಷ ಮುಗಿದ ಮೇಲೆ 12 ತಿಂಗಳ ಅವಕಾಶವಿದೆ. ಆದರೆ ಅದು ಹೋಗದೆ ಮುಂದಿನ ಕಂತಿನ ಮಾತೇ ಇಲ್ಲ, ಆದ್ದರಿಂದ ಜೂನ್ ಒಳಗೆ ಮುಗಿಸಿ. ಸಿಎ ಅವರ ಸಹಿಯ ಕೆಳಗೆ ಯುಡಿಐಎನ್ (ಸಿಎ ಸಹಿ ಮಾಡಿದ ಪ್ರತಿ ದಾಖಲೆಗೂ ಸಿಗುವ ಗುರುತು ಸಂಖ್ಯೆ) ಇದೆಯಾ ನೋಡಿ, 2019ರ ಫೆಬ್ರವರಿಯಿಂದ ಅದು ಕಡ್ಡಾಯ. ಅನುದಾನದ ಹಣಕ್ಕೆ ಬಂದ ಬ್ಯಾಂಕ್ ಬಡ್ಡಿ ನಮ್ಮದಲ್ಲ. ಎಷ್ಟೇ ಚಿಲ್ಲರೆ ಇರಲಿ, ಲೆಕ್ಕ ತೋರಿಸಿ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಇದಕ್ಕೇ ಅನುದಾನಕ್ಕೊಂದು ಬೇರೆ ಖಾತೆ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು. ದಾನದ ದುಡ್ಡಿನ ಜೊತೆ ಕಲೆಸಿಬಿಟ್ಟರೆ ಯಾವ ಬಡ್ಡಿ ಯಾವುದರದ್ದು ಅಂತ ಬಿಡಿಸುವಷ್ಟರಲ್ಲಿ ಸಿಎ ಅವರಿಗೂ ಸಾಕಾಗುತ್ತದೆ.

ಅನುದಾನದಲ್ಲಿ ಕೊಂಡ ಕುರ್ಚಿ, ಕಂಪ್ಯೂಟರ್, ಥೆರಪಿ ಸಾಮಾನಿಗೆ ಬೇರೆ ರಿಜಿಸ್ಟರ್ ಇಡಿ. ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಸಂಖ್ಯೆ ಬರೆಸಿ, ವರ್ಷಕ್ಕೊಮ್ಮೆ ರಿಜಿಸ್ಟರ್ ಹಿಡಿದು ಎಣಿಸಿ. ಕೆಟ್ಟು ಮೂಲೆ ಸೇರಿದ್ದನ್ನೂ ಇಲಾಖೆಗೆ ಬರೆದು ಒಪ್ಪಿಗೆ ಪಡೆಯದೆ ಗುಜರಿಯವನಿಗೆ ಕೊಡುವಂತಿಲ್ಲ.